ಕೇಳಿದವರಿಲ್ಲ ಎಂದು ಹೇಳದೆ ಉಳಿದ ಕತೆಗಳು

ಮಯ್ಯತ್ತಿನ ಮನೆಯಲ್ಲಿ ಮೂರನೆಯ ದಿನ ಸಂಜೆ ಒಂದು ಮಾತು ಕೇಳಿಬರುತ್ತದೆ. ದುಆ ಮುಗಿದು ಚಾ ಬರುವ ಹೊತ್ತಿಗೆ ಯಾರೋ ಹಿರಿಯರು ಒಂದು ಹಳೆಯ ಸಂಗತಿ ತೆಗೆಯುತ್ತಾರೆ. ಇನ್ನೊಬ್ಬರು, "ಅಲ್ಲ, ಅದು ಹಾಗಲ್ಲ" ಎನ್ನುತ್ತಾರೆ. ಮೂರನೆಯವರು, "ಅದು ಸರಿಯಾಗಿ ಗೊತ್ತಿದ್ದದ್ದು ಇವರಿಗೇ, ಕೇಳಿ ಇಡಬೇಕಿತ್ತು" ಎಂದು ಒಳಕೋಣೆಯತ್ತ ನೋಡುತ್ತಾರೆ. ಕೇಳಬೇಕಾದವರು ಅಷ್ಟರಲ್ಲಿ ಕಬರಸ್ತಾನದಲ್ಲಿರುತ್ತಾರೆ.

ನಮ್ಮ ಮನೆಯಲ್ಲೂ ಇದು ಎಷ್ಟೋ ಸಲ ಆಗಿದೆ. ನಿಮ್ಮಲ್ಲೂ ಆಗಿರಬಹುದು. ಈ ವಾರ ನಾವು ಬರೆಯಲು ಕೂತದ್ದು ಮಾತ್ರ ಬೇರೆ ಕಾರಣಕ್ಕೆ. ಒಂದು ಕತೆ ಕೊನೆಯ ಗಳಿಗೆಯಲ್ಲಿ ನಮ್ಮ ಕೈಗೆ ಸಿಕ್ಕಿತು. ಸಿಕ್ಕಿದ ಮೇಲೆ ಮನೆಯ ಲೆಕ್ಕವೇ ಬದಲಾಯಿತು.

ತಗಡಿನ ಡಬ್ಬಿ

ನಮ್ಮ ಉಮ್ಮನ ತವರು ನೇತ್ರಾವತಿಯ ದಡದ ಒಂದು ಊರು. ಅಲ್ಲಿನ ಹಂಚಿನ ಮನೆಯನ್ನು ಕೆಡವುವುದೆಂದು ಮಾಮಂದಿರು ತೀರ್ಮಾನಿಸಿದ್ದರು. ಪಕ್ಕಾಸು, ರೀಪುಗಳಿಗೆಲ್ಲ ಗೆದ್ದಲು ಹಿಡಿದಿತ್ತು. ಜಾಗಕ್ಕೆ ಒಳ್ಳೆಯ ಬೆಲೆಯೂ ಬಂದಿತ್ತು. ಆ ಮನೆಯ ಬಗ್ಗೆ ನಾವೆಲ್ಲ ಸಣ್ಣದಿರುವಾಗಿನಿಂದ ಕೇಳಿದ ಕತೆ ಒಂದೇ: "ಇದು ಅಜ್ಜ ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆದು, ಬೆವರು ಸುರಿಸಿ ಕಟ್ಟಿಸಿದ ಮನೆ." ಮದುವೆ ಮನೆಯಲ್ಲಿ, ಪೆರ್ನಾಳಿನಲ್ಲಿ, ಪುದಿಯಾಪ್ಲೆಯ ಕಡೆಯವರ ಎದುರು ಈ ಕತೆಯನ್ನು ನಾವೂ ಹೆಮ್ಮೆಯಿಂದ ಹೇಳಿದವರೇ.

ಸಾಮಾನು ತೆಗೆಯುವ ದಿನ ಅಟ್ಟದ ಮೇಲಿನ ಟ್ರಂಕಿನಲ್ಲಿ ತಗಡಿನ ಡಬ್ಬಿಯೊಂದು ಸಿಕ್ಕಿತು. ಅದರಲ್ಲಿ ಬೀಡಿ ಕಟ್ಟುವ ನೂಲಿನಿಂದಲೇ ಕಟ್ಟಿದ ಮನಿಯಾರ್ಡರ್ ಕೂಪನ್ನುಗಳು, ಬ್ರಾಂಚಿನ ಬೀಡಿ ಲೆಕ್ಕದ ಪುಸ್ತಕ, ಚಿನ್ನ ಅಡವಿಟ್ಟ ಒಂದು ಚೀಟಿ. ಕೂಪನ್ನಿನಲ್ಲಿ ಸಂದೇಶ ಬರೆಯಲು ಬಿಟ್ಟ ಸಣ್ಣ ಜಾಗದಲ್ಲಿ ಅರಬಿ ಅಕ್ಷರದಲ್ಲಿ ಎರಡೆರಡು ಸಾಲು. ನಮ್ಮಲ್ಲಿ ಇಬ್ಬರು ಎಂಜಿನಿಯರುಗಳಿದ್ದಾರೆ, ಒಬ್ಬಳು ವಕೀಲೆ. ಕುರ್‌ಆನ್ ಎಲ್ಲರಿಗೂ ಓದಲು ಬರುತ್ತದೆ. ಆ ಎರಡು ಸಾಲು ಮಾತ್ರ ಯಾರಿಗೂ ಬರಲಿಲ್ಲ. ಯಾಕೆಂದರೆ ಅದು ಅರಬಿಯಲ್ಲ, ಅರಬಿ-ಮಲಯಾಳ ಲಿಪಿ. ನಮ್ಮ ಹಿರಿಯರು ಮದ್ರಸದಲ್ಲಿ ಕಲಿತು, ಲೆಕ್ಕಕ್ಕೂ ಕಾಗದಕ್ಕೂ ಬಳಸುತ್ತಿದ್ದ ಬರಹ.

ಓದಿದವರು ದೊಡ್ಡಮ್ಮ. ನಮ್ಮ ಉಮ್ಮನ ಅಕ್ಕ. ವಯಸ್ಸು ಎಂಬತ್ತರ ಹತ್ತಿರ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಕೂಪನ್ನನ್ನು ಬೆಳಕಿಗೆ ಹಿಡಿದು, ಒಂದೊಂದೇ ಪದ ಓದಿದರು. "ಹತ್ತು ರೂಪಾಯಿ ಉಂಟು. ಅಕ್ಕಿಗೆ ಕೊಡು. ದೊಡ್ಡವಳ ಶಾಲೆ ಬಿಡಿಸಬೇಡ."

ಓದಿ ಮುಗಿಸಿ ಅವರು ನಕ್ಕರು. "ಆವತ್ತೂ ನಾನೇ ಓದಿದ್ದು" ಎಂದರು. "ಉಮ್ಮನಿಗೆ ಕುರ್‌ಆನ್ ಬರುತ್ತಿತ್ತು, ಕೈಬರಹ ಬರುತ್ತಿರಲಿಲ್ಲ. ಪೋಸ್ಟಿನವರು ಬಂದರೆ ನನ್ನನ್ನೇ ಕರೆಯುವುದು."

ದೊಡ್ಡವಳು ಎಂದರೆ ಅವರೇ.

ಹಣ ಬಾರದ ಎರಡು ಮಳೆಗಾಲ

ಆ ಸಂಜೆ ದೊಡ್ಡಮ್ಮ ಹೇಳಿದ್ದನ್ನು ಇಲ್ಲಿ ಚುಟುಕಾಗಿ ಹೇಳುತ್ತೇವೆ. ಅಜ್ಜ ಬೊಂಬಾಯಿಯಲ್ಲಿ ಕಾಯಿಲೆ ಬಿದ್ದರು. ಕೆಲಸ ಹೋಯಿತು. ನಾಚಿಕೆಯಿಂದ ಊರಿಗೂ ಬರಲಿಲ್ಲ, ಕಾಗದವನ್ನೂ ಹಾಕಲಿಲ್ಲ. ಎರಡು ಮಳೆಗಾಲ ಹಣ ಬರಲಿಲ್ಲ. ಅಜ್ಜಿ ತಡ್ಪೆ ಮಡಿಲಿಗೆ ತೆಗೆದುಕೊಂಡದ್ದು ಆಗ. ಹಗಲು ಮನೆಗೆಲಸ, ರಾತ್ರಿ ಚಿಮಿಣಿ ದೀಪದ ಬುಡದಲ್ಲಿ ಬೀಡಿ. ಎಲೆ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು, ಅಚ್ಚಿಟ್ಟು ಕತ್ತರಿಸುವುದು, ಹೊಗೆಸೊಪ್ಪಿನ ಹುಡಿ ಹಾಕಿ ಸುರುಳಿ ಸುತ್ತಿ ನೂಲು ಕಟ್ಟುವುದು ಅಜ್ಜಿಯ ಪಾಲು. ಬೀಡಿಯ ಬಾಯಿ ಮಡಚುವುದಕ್ಕೆ ಸಣ್ಣ ಬೆರಳು ಬೇಕು. ಅದಕ್ಕೆ ದೊಡ್ಡಮ್ಮ. ಮೂರನೆಯ ಕ್ಲಾಸಿಗೆ ಶಾಲೆ ನಿಂತಿತು.

"ಬಾಪ ಬೇಡ ಅಂತ ಬರೆದದ್ದನ್ನು ನಾನೇ ಓದಿ ಹೇಳಿದ್ದೆ. ಉಮ್ಮ ಅದನ್ನು ಮರೆತಿರಲಿಲ್ಲ. ನಾನು ಬಾಯಿ ಮಡಚುವಾಗ ಉಮ್ಮ ನನ್ನ ಮುಖ ನೋಡುತ್ತಿರಲಿಲ್ಲ."

ಮುಂದೆ ಅಜ್ಜ ಚೇತರಿಸಿಕೊಂಡರು, ಹಣವೂ ಬರತೊಡಗಿತು. ಹುಲ್ಲಿನ ಮಾಡು ತೆಗೆದು ಹಂಚು ಹಾಕಿಸುವಾಗ ಮಾತ್ರ ಆ ಹಣ ಸಾಲಲಿಲ್ಲ. ಅಜ್ಜಿ ಕಿವಿಯ ಅಲಿಕತ್ತ್ ಬಿಚ್ಚಿ ಅಡವಿಟ್ಟರು. ಅದನ್ನು ಬಿಡಿಸಲು ಆಗಲೇ ಇಲ್ಲ. ನಮಗೆ ನೆನಪಿರುವ ಅಜ್ಜಿಯ ಕಿವಿಯಲ್ಲಿ ತೂತುಗಳ ಸಾಲು ಮಾತ್ರ ಇತ್ತು. ಹಿಂದಿನವರ ಕಿವಿ ಹಾಗೇ ಇರುವುದು ಅಂದುಕೊಂಡಿದ್ದೆವು.

ಕೂಪನ್ನಿನ ಮುದ್ರೆ ಮಸುಕಾಗಿತ್ತು, ಇಸವಿ ಓದಲು ಆಗಲಿಲ್ಲ. ದೊಡ್ಡಮ್ಮ ಹೇಳಿದರು: "ನಾನು ಶಾಲೆ ಬಿಟ್ಟ ವರ್ಷವೇ ಕಾಸರಗೋಡು ಆಚೆ ಹೋದದ್ದು." ಅಂದರೆ 1956. ಹಣ ನಿಲ್ಲುವ ಮೊದಲಿನ ಕೂಪನ್ನುಗಳಲ್ಲಿ ರೂಪಾಯಿ, ಆಣೆಯ ಲೆಕ್ಕ. ಮತ್ತೆ ಶುರುವಾದದ್ದರಲ್ಲಿ ನಯಾಪೈಸೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ದೊಡ್ಡಮ್ಮನ ನೆನಪೂ ಕಾಗದವೂ ಒಂದಕ್ಕೊಂದು ಹೊಂದಿಕೊಂಡವು. ಓದು ಬಿಟ್ಟ ಹುಡುಗಿಯ ಲೆಕ್ಕ ಎಪ್ಪತ್ತು ವರ್ಷದ ಹತ್ತಿರ ಬಂದರೂ ತಪ್ಪಿರಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ನಮ್ಮಲ್ಲೊಬ್ಬರು ಕೇಳಿದರು.

"ಯಾರು ಕೇಳಿದ್ದು ಮಗಾ?"

ಸಹಿಯ ಕಾಗದ

ಆ ದಿನ ಮಾಮನ ಬ್ಯಾಗಿನಲ್ಲಿ ಇನ್ನೊಂದು ಕಾಗದವೂ ಇತ್ತು. ಹೆಣ್ಣುಮಕ್ಕಳು ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ. ನಮ್ಮ ಕಡೆ ಇದು ಹೊಸತೇನಲ್ಲ. ಮದುವೆಗೆ ಚಿನ್ನ ಕೊಟ್ಟಾಗಿದೆ, ಬಾಣಂತನ ಮಾಡಿಸಿಯಾಗಿದೆ, ಇನ್ನು ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಯಲ್ಲಿ ಎಷ್ಟೋ ಅಕ್ಕತಂಗಿಯರು ಸಹಿ ಹಾಕಿದ್ದಾರೆ. ಗಂಡಿಗೆ ಎರಡು, ಹೆಣ್ಣಿಗೆ ಒಂದು ಎಂದು ಅಲ್ಲಾಹನೇ ಪಾಲು ಇಟ್ಟಿರುವಾಗ ಆ ಒಂದನ್ನೂ ಬಿಡಿಸಿಕೊಳ್ಳುವುದನ್ನು ನಾವು "ಮನೆಯ ಮರ್ಯಾದೆ" ಅಂತ ಕರೆಯುತ್ತೇವೆ.

ದೊಡ್ಡಮ್ಮ ಪಾಲಿನ ಮಾತನ್ನೇ ಎತ್ತಲಿಲ್ಲ. ಕತೆ ಹೇಳಿದರು, ಅಷ್ಟೆ. ಮಾಮ ತುಂಬಾ ಹೊತ್ತು ಬೀಡಿ ಲೆಕ್ಕದ ಪುಸ್ತಕ ಮಗುಚುತ್ತಾ ಕೂತರು. ಅವರ ಪ್ರೈಮರಿ ಶಾಲೆಯ ಖರ್ಚು, ಬಟ್ಟೆ, ಪುಸ್ತಕ ಎಲ್ಲ ಆ ಪುಸ್ತಕದಿಂದ ಬಂದದ್ದು ಎಂದು ಆ ಸಂಜೆಯವರೆಗೆ ಅವರಿಗೂ ಗೊತ್ತಿರಲಿಲ್ಲ. ಮಗ್ರಿಬ್‌ಗೆ ಬಾಂಗ್ ಆದಾಗ ಎದ್ದರು. ಕಾಗದ ಬ್ಯಾಗಿನಿಂದ ಹೊರಗೆ ಬರಲಿಲ್ಲ.

ಎಲ್ಲವೂ ಅಲ್ಲೇ ಸುಸೂತ್ರ ಆಯಿತು ಎಂದು ನಾವು ಬರೆಯುವುದಿಲ್ಲ. ಮಾತುಕತೆ ಇನ್ನೂ ನಡೆಯುತ್ತಾ ಉಂಟು. ಸಣ್ಣ ಮಾಮನಿಗೆ ಬೇಸರ ಆಗಿದೆ. ಆದರೆ ಈಗ ಪಾಲಿನ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಉಂಟು. ಹಕ್ಕು ಮೊದಲೇ ಇತ್ತು, ಅದನ್ನು ಕತೆ ಕೊಟ್ಟದ್ದಲ್ಲ. ಅದರ ಬಗ್ಗೆ ಬಾಯಿ ತೆರೆಯಲು ಒಂದು ದಾರಿ ಮಾಡಿಕೊಟ್ಟಿತು.

ನಮ್ಮ ಮನೆಗಳ ಕತೆ ಎಲ್ಲೆಲ್ಲ ಉಂಟು

ಬ್ಯಾರಿಗಳ ಚರಿತ್ರೆ ಎಂದ ಕೂಡಲೇ ನಾವು ಅರಬ್ ವ್ಯಾಪಾರಿಗಳಿಂದ, ಬಂದರಿನ ಝೀನತ್ ಬಕ್ಷ್ ಮಸೀದಿಯಿಂದ ಶುರುಮಾಡುತ್ತೇವೆ. ಅದು ಬೇಕು. ಆದರೆ ನಮ್ಮ ಮನೆಮನೆಯ ಚರಿತ್ರೆ ಇರುವುದು ಇನ್ನೂ ಹತ್ತಿರ. ಮಂಜಿಯಲ್ಲಿ ಸಾಮಾನು ಹೇರಿ ಹೋದವರು, ಸಂತೆಯಿಂದ ಸಂತೆಗೆ ತಲೆಹೊರೆಯಲ್ಲಿ ಒಣಮೀನು, ಅಡಿಕೆ ವ್ಯಾಪಾರ ಮಾಡಿದವರು, ರಂಗೂನು, ಕೊಲಂಬೊಗೆ ಹೋದವರು, ಬೊಂಬಾಯಿ ಹೋಟೆಲಿನಲ್ಲಿ ಮೇಜು ಒರೆಸಿದವರು, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು, ಗೇಣಿಗೆ ಗದ್ದೆ ಮಾಡಿದವರು. ಆಮೇಲೆ ಎಪ್ಪತ್ತರ ದಶಕದಿಂದ ಗಲ್ಫ್. ಇವರೆಲ್ಲರ ಹಿಂದೆ, ಮನೆಯಲ್ಲಿ ಉಳಿದು ಬೀಡಿ ಕಟ್ಟಿದ ಹೆಂಗಸರು.

ಗಂಡಸರ ಪ್ರಯಾಣ ನಮಗೆ ಕತೆಯಾಗಿ ಬಂತು. ಕೂತಲ್ಲೇ ದುಡಿದವರದ್ದು ಕತೆಯಾಗಲಿಲ್ಲ. "ಅವರು ಎಲ್ಲಿಗೂ ಹೋಗಲಿಲ್ಲವಲ್ಲ, ಹೇಳಲಿಕ್ಕೆ ಎಂತ ಉಂಟು?" ಎಂಬುದು ನಮ್ಮ ಲೆಕ್ಕಾಚಾರ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಬಂದಾಗ ನಮ್ಮ ಕಡೆ ಎಷ್ಟೋ ಮಂದಿಗೆ ಇರಿಸುಮುರಿಸು ಆದದ್ದೂ ಇದಕ್ಕೇ. ಒಳಮನೆಯ ಮಾತು ಅಚ್ಚಾಗುವುದು ನಮಗೆ ಅಭ್ಯಾಸ ಇರಲಿಲ್ಲ.

ಭಾಷೆಯ ಸಂಗತಿಯೂ ಉಂಟು. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು 2007ರಲ್ಲಿ. 2011ರ 'ಬ್ಯಾರಿ' ಸಿನೆಮಾ ರಾಷ್ಟ್ರೀಯ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ಅಲ್ಲಿಯವರೆಗೆ ನಮ್ಮ ಬಾಸೆ ಬಹುಪಾಲು ಬಾಯಲ್ಲೇ ಇದ್ದದ್ದು. ಬಾಯಲ್ಲಿದ್ದದ್ದು ಬಾಯಿಯೊಂದಿಗೇ ಹೋಗುತ್ತದೆ. ಈಗ ದುಬೈಯಲ್ಲೋ ಬೆಂಗಳೂರಿನಲ್ಲೋ ಬೆಳೆಯುವ ಮೊಮ್ಮಕ್ಕಳಿಗೆ ಅಜ್ಜಿಯ ಬ್ಯಾರಿ ಅರ್ಧ ಅರ್ಥ ಆಗುತ್ತದೆ, ಅರ್ಧ ಇಲ್ಲ. ವಿಡಿಯೋ ಕಾಲಿನಲ್ಲಿ "ಊಟ ಆಯಿತಾ" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಇಸವಿ ಗೊತ್ತಿಲ್ಲದವರ ಇಸವಿ

ಹಿರಿಯರಲ್ಲಿ "ಯಾವ ವರ್ಷ?" ಎಂದು ಕೇಳಿದರೆ ಕತೆ ಅಲ್ಲೇ ನಿಲ್ಲುತ್ತದೆ. ಹುಟ್ಟಿದ ತಾರೀಕೇ ಅಂದಾಜು. ಶಾಲೆಗೆ ಸೇರಿಸುವಾಗ ಮಾಸ್ತರರು ತಮಗೆ ಅನುಕೂಲವಾದ ದಿನ ಬರೆದದ್ದೇ ಎಷ್ಟೋ ಜನರ ಜನ್ಮದಿನ. ಅವರ ಲೆಕ್ಕ ಬೇರೆ. ಅದಕ್ಕೆ ನಮ್ಮ ಲೆಕ್ಕ ಹೊಂದಿಸಿಕೊಳ್ಳುವುದು ನಮ್ಮ ಕೆಲಸ.

"ದೊಡ್ಡ ಬೊಳ್ಳ" ಎಂದರೆ ತೀರಾ ಹಿಂದಿನವರಿಗೆ 1923ರ ನೆರೆ, ಆಮೇಲಿನವರಿಗೆ 1974ರದ್ದು. "ಅಕ್ಕಿ ಸಿಗದ ಕಾಲ" ಎಂದರೆ ಯುದ್ಧದ ಸಮಯ. 1942ರಲ್ಲಿ ಜಪಾನಿನವರು ರಂಗೂನು ಹಿಡಿದ ಮೇಲೆ ಬರ್ಮಾದ ಅಕ್ಕಿ ನಿಂತದ್ದು. "ಮದ್ರಾಸ್ ಸರಕಾರ" ಎಂದರೆ 1956ರ ನವೆಂಬರ್ 1ರ ಹಿಂದೆ. "ಡಿಕ್ಲರೇಶನ್ ಕೊಟ್ಟದ್ದು" ಎಂದರೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ನಂತರ. "ಹಡಗಿನ ಹಜ್ಜ್" ಎಂದರೆ 1995ರ ಒಳಗೆ. ಬೊಂಬಾಯಿಯಿಂದ ಜಿದ್ದಾಕ್ಕೆ ಹಜ್ಜ್ ಹಡಗು ನಿಂತದ್ದು ಆ ವರ್ಷ. "ಬೊಂಬಾಯಿಗೆ ರೈಲು ಇರಲಿಲ್ಲ, ಘಟ್ಟ ಹತ್ತಿ ಹೋಗಬೇಕಿತ್ತು" ಎಂದರೆ 1998ರಲ್ಲಿ ಕೊಂಕಣ ರೈಲು ಬರುವ ಮೊದಲು.

ಈ ಗುರುತುಗಳಿಂದ ಇನ್ನೊಂದು ಉಪಕಾರ ಉಂಟು. ಕತೆಗಳು ಕೆಲವೊಮ್ಮೆ ಒಂದು ತಲೆಮಾರು ಜಾರುತ್ತವೆ. ನಮ್ಮಲ್ಲಿ ಅಜ್ಜ ನೆರೆಯಲ್ಲಿ ಈಜಿ ಆಡು ಉಳಿಸಿದ ಕತೆ ಒಂದಿತ್ತು. ಲೆಕ್ಕ ಹಾಕಿದರೆ 1923ರಲ್ಲಿ ಅವರು ಹುಟ್ಟಿಯೇ ಇರಲಿಲ್ಲ. ಈಜಿದವರು ಅವರ ಬಾಪ. ಮಗ ಅದನ್ನು ಅಷ್ಟು ಸಲ ಹೇಳಿದ್ದರಿಂದ ಮೊಮ್ಮಕ್ಕಳು ಮಗನನ್ನೇ ನೀರಿಗೆ ಇಳಿಸಿಬಿಟ್ಟೆವು. ಸುಳ್ಳು ಯಾರೂ ಹೇಳಿದ್ದಲ್ಲ.

ಯಾರು ಯಾರಿಂದ ಕೇಳಿದ್ದು

ಇದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ದಾರಿ ಉಂಟು. ಹದೀಸಿನ ಜೊತೆ ಇಸ್ನಾದ್ ಬರುತ್ತದೆ. ಇವರು ಇವರಿಂದ ಕೇಳಿದರು, ಅವರು ಅವರಿಂದ ಕೇಳಿದರು ಎಂಬ ಸರಪಣಿ. ಮಾತಿನಷ್ಟೇ ಮಾತು ತಂದವರ ಹೆಸರೂ ಮುಖ್ಯ ಎಂದು ನಮ್ಮ ಉಲಮಾಗಳು ಕಲಿಸಿದ್ದಾರೆ. ಮನೆಯ ಕತೆಗೆ ಹದೀಸಿನ ಸ್ಥಾನ ಇಲ್ಲ, ಇರಬಾರದು. ಆದರೆ ಆ ಶಿಸ್ತನ್ನು ತೆಗೆದುಕೊಳ್ಳಬಹುದು. ಬರೆಯುವಾಗ ಮೇಲೆ ಒಂದು ಸಾಲು: "ಇದನ್ನು ದೊಡ್ಡಮ್ಮ ಹೇಳಿದ್ದು, ಅವರು ಕಣ್ಣಾರೆ ಕಂಡದ್ದು." ಅಥವಾ "ಉಮ್ಮ ಹೇಳಿದ್ದು, ಅವರು ತಮ್ಮ ಉಮ್ಮನಿಂದ ಕೇಳಿದ್ದು." ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ. ಜಗಳ ತೀರಿಸಲು ಹೋಗಬೇಡಿ.

ಕೇಳುವ ರೀತಿಯ ಬಗ್ಗೆ ನಾವು ಕಲಿತ ನಾಲ್ಕು ಮಾತು ಹೇಳುತ್ತೇವೆ. "ನಿಮ್ಮ ಜೀವನದ ಕತೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ, "ಎಂತದ್ದು ಮಾರಾಯ್ತಿ, ಕಷ್ಟವೇ" ಎನ್ನುತ್ತಾರೆ. ಒಂದು ವಸ್ತು ಕೈಗೆ ಕೊಡಿ. ತಡ್ಪೆ, ಅಡಕತ್ತರಿ, ಹಳೆಯ ಪಾಸ್‌ಪೋರ್ಟು, ಮದುವೆಯ ಸೀರೆ. ಅಥವಾ ಅಡುಗೆ ಮಾಡುವಾಗ ಪಕ್ಕದಲ್ಲಿ ಕೂತುಕೊಳ್ಳಿ. ಪತ್ತಿರ್ ತಟ್ಟುವ ಕೈ ಕೆಲಸದಲ್ಲಿದ್ದರೆ ಬಾಯಿ ಸಲೀಸು. ಮೊಬೈಲಿನ ರೆಕಾರ್ಡರ್ ಹಾಕುವ ಮೊದಲು ಕೇಳಿ, ಕದ್ದು ಹಾಕಬೇಡಿ. ಅರ್ಧ ಗಂಟೆ ಸಾಕು, ಅವರಿಗೆ ಆಯಾಸ ಆಗುತ್ತದೆ. ನಡುವೆ ಬಾಯಿ ಹಾಕಿ ತಿದ್ದಬೇಡಿ. ಬ್ಯಾರಿಯಲ್ಲಿ ಹೇಳಿದ್ದನ್ನು ಬ್ಯಾರಿಯಲ್ಲೇ, ಕನ್ನಡ ಅಕ್ಷರದಲ್ಲಿ ಬರೆದಿಡಿ. ಅರ್ಥ ಬೇಕಾದರೆ ಕೆಳಗೆ ಬರೆಯಿರಿ. ಕೆಲವು ಮಾತು ಕನ್ನಡಕ್ಕೆ ಹಾಕಿದ ಕೂಡಲೇ ಸಪ್ಪೆ ಆಗುತ್ತದೆ.

ಕಾಗದಗಳನ್ನು ಬಿಸಾಡಬೇಡಿ. ಗೇಣಿ ಚೀಟಿ, ರೇಷನ್ ಕಾರ್ಡು, ಬೀಡಿ ಬ್ರಾಂಚಿನ ಪುಸ್ತಕ, ಕೂಪನ್ನು, ಹಜ್ಜಿಗೆ ಹೋದವರ ಪಾಸ್‌ಪೋರ್ಟು ಇವೆಲ್ಲ ಸಾಕ್ಷಿಗಳು. ಜಮಾಅತಿನ ನಿಕಾಹ್ ರಿಜಿಸ್ಟರಿನಲ್ಲಿ ಅಜ್ಜ-ಅಜ್ಜಿಯ ಮದುವೆಯ ತಾರೀಕು ಸಿಗಬಹುದು. ಗಲ್ಫಿನಿಂದ ಮಾತು ತುಂಬಿಸಿ ಕಳುಹಿಸುತ್ತಿದ್ದ ಕ್ಯಾಸೆಟ್ಟುಗಳು ಕಪಾಟಿನ ಮೂಲೆಯಲ್ಲಿ ಇದ್ದರೆ ಬೂಸ್ಟು ಹಿಡಿಯುವ ಮೊದಲು ಯಾರಾದರೂ ಗೊತ್ತಿದ್ದವರಲ್ಲಿ ಕೊಟ್ಟು ಮೊಬೈಲಿಗೆ ಹಾಕಿಸಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಮರಣ ಹೊಂದಿದ ಬಾಪನ ದನಿ ಇರುವುದು ಅದರಲ್ಲಿ ಮಾತ್ರ.

ಹೇಳುವುದು, ಮುಚ್ಚುವುದು

ಒಂದು ಸಂಶಯ ನಮ್ಮ ಮನೆಯಲ್ಲೇ ಬಂತು. ತೀರಿಹೋದ ಅಜ್ಜನ ಕುಂದು ಹೀಗೆ ಬರೆಯುವುದು ಸರಿಯಾ? ಗೀಬತ್ ಆಗುವುದಿಲ್ಲವಾ? ಕೇಳಬೇಕಾದ ಪ್ರಶ್ನೆಯೇ. ಪ್ರತಿ ಮನೆಯಲ್ಲಿಯೂ ತಲಾಖ್, ಸಾಲ, ಜಗಳ, ಯಾರೋ ಯಾರಿಗೋ ಮಾಡಿದ ಅನ್ಯಾಯ ಇರುತ್ತದೆ. ಇನ್ನೊಬ್ಬರ ಐಬು ಮುಚ್ಚುವುದು ನಮ್ಮ ಅದಬ್. ಅದು ಹಾಗೇ ಇರಲಿ. ಬದುಕಿರುವವರಿಗೆ ನೋವಾಗುವುದನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕುವ ಕೆಲಸ ಖಂಡಿತ ಬೇಡ.

ಆದರೆ ಅಜ್ಜ ಕಾಯಿಲೆ ಬಿದ್ದದ್ದು ಐಬು ಅಲ್ಲ. ಅಜ್ಜಿ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ್ದು ನಾಚಿಕೆಯೂ ಅಲ್ಲ. ನಾವು ಎಷ್ಟೋ ಸಲ ಐಬು ಮುಚ್ಚುತ್ತೇವೆಂದು ದುಡಿಮೆಯನ್ನು ಮುಚ್ಚಿದ್ದೇವೆ. ಮೊಮ್ಮಗ ಎಂಜಿನಿಯರ್ ಆದ ಮೇಲೆ ಬೀಡಿಯ ಮಾತು ಎತ್ತುವುದು ಬೇಡ ಎಂದಿದ್ದೇವೆ. ಆ ಎಂಜಿನಿಯರನ ಬುನಾದಿಯಲ್ಲಿ ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬಳು ಹುಡುಗಿ ಇದ್ದಾಳೆ. ಅವಳ ಹೆಸರು ಹೇಳುವುದು ಗೀಬತ್ ಅಲ್ಲ. ಅವಳಿಗೆ ಸಲ್ಲಬೇಕಾದದ್ದು ಅದು.

ಇನ್ನು ಅಜ್ಜನ ವಿಷಯ. ಆ ಕೂಪನ್ನು ಸಿಗದೆ ಹೋಗಿದ್ದರೆ ಅವರು ಹಣ ಕಳುಹಿಸಿದ ಅಜ್ಜ ಮಾತ್ರ ಆಗಿರುತ್ತಿದ್ದರು. ಪರಊರಿನಲ್ಲಿ ಎಂಜಲು ಲೋಟ ತೊಳೆಯುತ್ತಾ ಮಗಳ ಶಾಲೆ ನಿಲ್ಲಿಸಬೇಡ ಎಂದು ಬರೆದ ಬಾಪ ನಮಗೆ ಸಿಕ್ಕಿದ್ದೂ ಈ ಕತೆಯಿಂದಲೇ. ನಾವು ಹೆದರಿದಂತೆ ಅಜ್ಜ ಸಣ್ಣವರಾಗಲಿಲ್ಲ.

ಈ ಶುಕ್ರವಾರ

ಮನೆ ಈಗ ಇಲ್ಲ. ಹಂಚು ಇಳಿಸಿ, ಗೋಡೆ ಕೆಡವಿ ಆಗಿದೆ. ಡಬ್ಬಿ ದೊಡ್ಡಮ್ಮನ ಹತ್ತಿರ ಉಂಟು. ಕೂಪನ್ನುಗಳ ಫೋಟೋ ನಮ್ಮೆಲ್ಲರ ಮೊಬೈಲಿನಲ್ಲಿ ಉಂಟು. ಪ್ರತಿ ಶುಕ್ರವಾರ ಜುಮುಅ ಊಟದ ನಂತರ ನಮ್ಮಲ್ಲೊಬ್ಬರು ದೊಡ್ಡಮ್ಮನ ಮನೆಗೆ ಹೋಗಿ ಅರ್ಧ ಗಂಟೆ ಕೂತುಕೊಳ್ಳುತ್ತೇವೆ. ಮೊಮ್ಮಗಳೊಬ್ಬಳು ಅವರಿಂದ ಅರಬಿ-ಮಲಯಾಳ ಅಕ್ಷರ ಕಲಿಯುತ್ತಿದ್ದಾಳೆ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವರು ಈಗ ಪಾಠ ಮಾಡುತ್ತಿದ್ದಾರೆ. ತಪ್ಪು ಬರೆದರೆ ಬೈಯುತ್ತಾರೆ ಕೂಡಾ.

ಮೊದಲ ಸಲ ರೆಕಾರ್ಡ್ ಮಾಡಿದ್ದನ್ನು ಅವರಿಗೇ ಕೇಳಿಸಿದೆವು. ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಹೇಳಿದರು: "ಇದು ನನ್ನದಲ್ಲ ಮಗಾ, ನಮ್ಮ ಉಮ್ಮನ ದನಿ."

ನಿಮ್ಮ ಮನೆಯಲ್ಲೂ ಹೀಗೆ ಯಾರೋ ಒಬ್ಬರು ಇರಬಹುದು. ಜಗಲಿಯಲ್ಲಿ ತಸ್ಬೀಹ್ ಹಿಡಿದು ಕೂತಿರಬಹುದು, ಒಳಗೆ ಮಂಚದಲ್ಲಿ ಮಲಗಿರಬಹುದು. ಯಾರೂ ಕೇಳಲಿಲ್ಲವೆಂದು ಅವರೂ ಹೇಳದೆ ಕೂತಿರಬಹುದು. ಈ ಶುಕ್ರವಾರ ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಏನಾದರೊಂದು ಹಳೆಯ ಸಾಮಾನು ಕೈಗೆ ಕೊಟ್ಟು, "ಇದು ಯಾರದ್ದು?" ಎಂದು ಕೇಳಿ.